ರಸ್ತೆಯ ನೀರು ಹೊಲ-ಮನೆಗೆ ನುಗ್ಗಿದರೆ ಹೊಣೆ ಯಾರದು?

ಸೊಲ್ಲಾಪುರ: 2020ರ ಅಕ್ಟೋಬರ್ 14ರ ಮಳೆಯನ್ನು ಅಕ್ಕಲಕೋಟ ತಾಲೂಕಿನ ಜನ ಇನ್ನೂ ಮರೆತಿಲ್ಲ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವು ಕಾಕಿನಾಡದ ಬಳಿ ದಡ ಸೇರಿ, ತೆಲಂಗಾಣ ಮತ್ತು ಉತ್ತರ ಕರ್ನಾಟಕವನ್ನು ದಾಟಿ ಸೊಲ್ಲಾಪುರ ಜಿಲ್ಲೆಯ ಮೇಲೆ ಬಂದಿತು. ಬೋರಿ ನದಿ ಉಕ್ಕಿ ಹರಿಯಿತು. ಅದೇ ತಿಂಗಳ 19ರಂದು ಅಂದಿನ ಮುಖ್ಯಮಂತ್ರಿ ಉದ್ಧವ ಠಾಕ್ರೆ ಅವರು ತಾಲೂಕಿಗೆ ಬಂದು ಹಾನಿಯನ್ನು ನೋಡಿ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿಯ ಮಹಾಪೂರ ಜಿಲ್ಲೆಯ ಅನೇಕ ಊರುಗಳಿಗೆ ನುಗ್ಗಿತು.

ಇಂಥ ಮಳೆಯಲ್ಲಿ ಹೊಲಕ್ಕೆ ಬರುವ ನೀರೆಲ್ಲ ಒಂದೇ ಬಗೆಯದಲ್ಲ. ನದಿ ಉಕ್ಕಿ ಬಂದ ನೀರು ಒಂದು. ರಸ್ತೆ ತಡೆದು ನಿಲ್ಲಿಸಿದ ಅಥವಾ ರಸ್ತೆ ಕೂಡಿಸಿ ತಂದು ಬಿಟ್ಟ ನೀರು ಇನ್ನೊಂದು. ಮೊದಲನೆಯದಕ್ಕೆ ಸರಕಾರದ ಪರಿಹಾರ ನಿಧಿಯೇ ದಾರಿ. ಎರಡನೆಯದಕ್ಕೆ ಹೊಣೆಗಾರರು ಇರಬಹುದು. ಆದರೆ ಪಂಚನಾಮೆಯಲ್ಲಿ ಎರಡನ್ನೂ ಕೂಡಿಸಿ 'ಅತಿವೃಷ್ಟಿ' ಎಂದು ಬರೆದರೆ, ರಸ್ತೆಯ ದೋಷ ಕಾಗದದಿಂದಲೇ ಮಾಯವಾಗುತ್ತದೆ. ಮುಂದಿನ ವರ್ಷ ಅದೇ ಹೊಲಕ್ಕೆ ಅದೇ ನೀರು ಮತ್ತೆ ಬರುತ್ತದೆ. ಅಷ್ಟರಲ್ಲಿ ದಾವೆಯ ಗಡುವು ಮುಗಿದಿರುತ್ತದೆ. ಆದ್ದರಿಂದ ಗಡಿಭಾಗದ ರೈತರು ಮತ್ತು ಮನೆಯವರು ಈ ವಿಷಯದ ನಿಯಮಗಳನ್ನು ತಿಳಿದಿರುವುದು ಒಳ್ಳೆಯದು.

ರಸ್ತೆ ನೀರನ್ನು ಹೇಗೆ ತಿರುಗಿಸುತ್ತದೆ

ಹತ್ತು ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು 500 ಘನ ಮೀಟರ್, ಎಂದರೆ 5 ಲಕ್ಷ ಲೀಟರ್ ನೀರು. ಹತ್ತು ಸಾವಿರ ಲೀಟರಿನ ಐವತ್ತು ಟ್ಯಾಂಕರ್‌ಗಳಿಗೆ ಇದು ಸಮ. ಡಾಂಬರು ನೀರನ್ನು ಕುಡಿಯುವುದಿಲ್ಲ. ನೀರು ಪಕ್ಕಕ್ಕೆ ಜಾರಲೆಂದೇ ರಸ್ತೆಯ ನಡುವನ್ನು ಎತ್ತರಿಸಿ ಇಳಿಜಾರು ಕೊಟ್ಟಿರುತ್ತಾರೆ.

ಆದರೂ ದೊಡ್ಡ ಹಾನಿ ಮಾಡುವುದು ಈ ನೀರಲ್ಲ. ನೂರು ಹೆಕ್ಟೇರ್ ಹೊಲಗಳಿಂದ ಇಳಿದು ಬರುವ ನೀರಿಗೆ ರಸ್ತೆ ಅಡ್ಡಗೋಡೆಯಾಗುತ್ತದೆ. ಅದೇ 50 ಮಿಲಿಮೀಟರ್ ಮಳೆಯಲ್ಲಿ ನೂರಕ್ಕೆ ನಲವತ್ತು ಪಾಲು ಹರಿದು ಬಂದಿತೆಂದು ಹಿಡಿದರೆ 2 ಕೋಟಿ ಲೀಟರ್ ನೀರಾಗುತ್ತದೆ. ಎರೆ ಭೂಮಿ ಒಮ್ಮೆ ನೆನೆದು ಉಬ್ಬಿತೆಂದರೆ ನೀರನ್ನು ಒಳಗೆ ಬಿಡುವುದು ಬಹಳ ನಿಧಾನ. ಜಿಲ್ಲೆಯಲ್ಲಿ ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಳುವುದೇ ಹೆಚ್ಚು. ಆಗ ಹೊಲದಲ್ಲಿ ತೊಗರಿ ನಿಂತಿರುತ್ತದೆ, ಹಿಂಗಾರಿ ಜೋಳಕ್ಕೆ ಭೂಮಿ ಹದವಾಗಿರುತ್ತದೆ. ತೊಗರಿಯ ಬೇರು ನಿಂತ ನೀರನ್ನು ಹೆಚ್ಚು ದಿನ ತಾಳುವುದಿಲ್ಲ.

ದೋಷಗಳು ಸಾಮಾನ್ಯವಾಗಿ ನಾಲ್ಕು ಬಗೆಯವು. ಮೊದಲನೆಯದು, ಹಳೆಯ ರಸ್ತೆ ನೆಲಮಟ್ಟದಲ್ಲಿದ್ದಾಗ ಅದರ ಮೇಲೆಯೇ ದಾಟುತ್ತಿದ್ದ ನೀರಿಗೆ, ಮುರುಮ್ ಹಾಕಿ ಎತ್ತರಿಸಿದ ಮೇಲೆ ಮೋರಿ ಇಡದೇ ಇರುವುದು. ಎರಡನೆಯದು, ಮೋರಿ ಇದ್ದರೂ ಪೈಪು ಸಣ್ಣದಿರುವುದು ಅಥವಾ ಹೂಳು ತುಂಬಿರುವುದು. ಮೂರನೆಯದು, ಹಳ್ಳ ಒಂದು ಕಡೆ ಇದ್ದರೆ ಮೋರಿಯನ್ನು ಇನ್ನೊಂದು ಕಡೆ ಕಟ್ಟಿ, ಎಂದೂ ನೀರು ಬಾರದ ಹೊಲಕ್ಕೆ ನೀರು ಬಿಡುವುದು. ನಾಲ್ಕನೆಯದು, ಪಕ್ಕದ ಗಟಾರವನ್ನು ಹಳ್ಳದವರೆಗೆ ಒಯ್ಯದೆ ಯಾರದೋ ಬದುವಿನ ಬಳಿ ನಿಲ್ಲಿಸಿಬಿಡುವುದು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆಯ ನೀರು ಹರಿವಿಗಾಗಿಯೇ 'ಎಸ್‌ಪಿ 42' ಎಂಬ ಮಾರ್ಗಸೂಚಿಯನ್ನೂ, ಮೋರಿ ಮತ್ತು ಸಣ್ಣ ಸೇತುವೆಗಳಿಗಾಗಿ 'ಎಸ್‌ಪಿ 13' ಎಂಬ ಇನ್ನೊಂದನ್ನೂ ಪ್ರಕಟಿಸಿದೆ. ಇವು ಇಂಜಿನಿಯರರ ಪುಸ್ತಕಗಳಾದರೂ, ಮೋರಿಯ ಅಳತೆಯನ್ನು ಯಾವ ಲೆಕ್ಕದಿಂದ ನಿಶ್ಚಯಿಸಿದ್ದೀರಿ ಎಂದು ಕೇಳುವಾಗ ಇವುಗಳ ಹೆಸರು ಹೇಳುವುದು ಉಪಯೋಗಕ್ಕೆ ಬರುತ್ತದೆ.

ಮೊದಲು ರಸ್ತೆ ಯಾರದೆಂದು ತಿಳಿಯಬೇಕು

ಅರ್ಜಿ ತಪ್ಪು ಕಚೇರಿಗೆ ಹೋದರೆ ತಿಂಗಳುಗಟ್ಟಲೆ ಕಾಲ ಹೋಗುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟ, ಅಫಜಲಪುರದ ಮೂಲಕ ಕಲಬುರಗಿಗೆ ಹೋಗುವ 150ಇ ರಸ್ತೆಯೂ, ಸೊಲ್ಲಾಪುರ-ವಿಜಯಪುರದ 52ನೆಯ ರಸ್ತೆಯೂ ರಾಷ್ಟ್ರೀಯ ಹೆದ್ದಾರಿಗಳು. ರಾಜ್ಯ ಮಾರ್ಗ ಮತ್ತು ಪ್ರಮುಖ ಜಿಲ್ಲಾ ಮಾರ್ಗಗಳು ಮಹಾರಾಷ್ಟ್ರದ ಸಾರ್ವಜನಿಕ ಬಾಂಧಕಾಮ ಇಲಾಖೆಯವು. ಇತರ ಜಿಲ್ಲಾ ಮಾರ್ಗ ಮತ್ತು ಗ್ರಾಮೀಣ ಮಾರ್ಗಗಳು ಜಿಲ್ಲಾ ಪರಿಷತ್ತಿನ ಬಾಂಧಕಾಮ ವಿಭಾಗದವು. ಊರೊಳಗಿನ ಓಣಿ ರಸ್ತೆಗಳು ಗ್ರಾಮ ಪಂಚಾಯತಿಯವು. ಅಕ್ಕಲಕೋಟದಂಥ ಪಟ್ಟಣದಲ್ಲಿ ನಗರ ಪರಿಷತ್ತು, ಸೊಲ್ಲಾಪುರದಲ್ಲಿ ಮಹಾನಗರ ಪಾಲಿಕೆ. ಹೊಲಗಳಿಗೆ ಹೋಗುವ ಪಾಣಂದ ರಸ್ತೆಗಳು ಗ್ರಾಮ ನಕಾಶೆಯಲ್ಲಿ ಇವೆಯೇ ಎಂದು ನೋಡಿಕೊಳ್ಳಬೇಕು.

ಗುರುತು ಹಿಡಿಯಲು ಸುಲಭ ದಾರಿ ಕಿಲೋಮೀಟರ್ ಕಲ್ಲು. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಮಾರ್ಗ, ಕಿತ್ತಳೆ ಇದ್ದರೆ ಗ್ರಾಮ ರಸ್ತೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಆರಂಭವಾಯಿತು. ಅದರಲ್ಲಿ ಕಟ್ಟಿದ ರಸ್ತೆಗಳನ್ನು ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕೆಂಬ ಕರಾರು ಇರುತ್ತದೆ. ಫಲಕದ ಮೇಲೆ ಗುತ್ತಿಗೆದಾರನ ಹೆಸರು ಮತ್ತು ಕೆಲಸ ಮುಗಿದ ದಿನಾಂಕ ಬರೆದಿರುತ್ತದೆ. ಈ ಐದು ವರ್ಷದೊಳಗೆ ದೂರು ಕೊಟ್ಟರೆ ಮೋರಿಯ ಹೂಳು, ಕುಸಿದ ಗಟಾರ ಇವುಗಳ ಖರ್ಚಿಗೆ ಹಣವಿಲ್ಲ ಎಂಬ ಮಾತಿಗೆ ಅವಕಾಶ ಕಡಿಮೆ.

ಕಾನೂನಿನ ಮೂಲ ಮಾತು

1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಮುಂಬಯಿ ಪ್ರಾಂತಕ್ಕೆ 1891ರಲ್ಲಿ ವಿಸ್ತರಿಸಿತು. ಸಂಸ್ಥಾನವಾಗಿದ್ದ ಅಕ್ಕಲಕೋಟ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈ ಕಾಯ್ದೆಯ 7ನೆಯ ಕಲಮಿನ ಪ್ರಕಾರ, ಮೇಲಿನ ಹೊಲದಲ್ಲಿ ತಾನಾಗಿ ಬಿದ್ದ ಮಳೆನೀರು ತಾನಾಗಿ ಇಳಿದು ಹೋಗುವುದನ್ನು ಕೆಳಗಿನ ಹೊಲದವನು ಬಿಡಬೇಕು. ಹಳ್ಳದಲ್ಲಿ ಹರಿಯುವ ನೀರನ್ನೂ ಯಾರೂ ತಡೆಯುವಂತಿಲ್ಲ.

ಇಲ್ಲಿ 'ತಾನಾಗಿ' ಎಂಬ ಮಾತೇ ಮುಖ್ಯ. ಇಳಿಜಾರಿನ ಹೊಲದಲ್ಲಿ ಹರಡಿಕೊಂಡು ಬರುವ ನೀರನ್ನು ಕೆಳಗಿನವನು ಬೇಡ ಎನ್ನುವಂತಿಲ್ಲ. ಆದರೆ ಅರ್ಧ ಕಿಲೋಮೀಟರ್ ಉದ್ದದ ನೀರನ್ನು ಗಟಾರದಲ್ಲಿ ಕೂಡಿಸಿ ಒಂದೇ ಬಾಯಿಯಿಂದ ಒಬ್ಬನ ಹೊಲಕ್ಕೆ ಬಿಟ್ಟರೆ ಅದು ತಾನಾಗಿ ಬಂದ ನೀರಲ್ಲ, ತಂದು ಬಿಟ್ಟ ನೀರು. ಹಾಗೆಯೇ ರಸ್ತೆ ಕೆಳಗಿದ್ದು ಹೊಲ ಮೇಲಿದ್ದರೆ, ಹೊಲದ ನೀರಿಗೆ ದಾರಿ ಬಿಡುವ ಹೊಣೆ ರಸ್ತೆಯವರದಾಗುತ್ತದೆ.

ಇಂಗ್ಲೆಂಡಿನಲ್ಲಿ 1884ರಲ್ಲಿ ತೀರ್ಮಾನವಾದ ವ್ಹೇಲಿ ಎಂಬ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅಸಾಧಾರಣ ಮಳೆಯಿಂದ ಒಂದು ರೈಲ್ವೆ ಕಂಪನಿಯ ಏರಿಗೆ ನೀರು ಒತ್ತಿ ನಿಂತಿತು. ಏರಿ ಉಳಿಯಲೆಂದು ಕಂಪನಿಯವರು ಅದರಲ್ಲಿ ಕಾಲುವೆ ಕಡಿದು ನೀರನ್ನು ಕೆಳಗಿನ ಹೊಲಕ್ಕೆ ಬಿಟ್ಟರು. ಮಳೆ ಅಸಾಧಾರಣವಾದರೂ, ತಮ್ಮ ಮೇಲೆ ಬಂದ ಸಂಕಟವನ್ನು ನೆರೆಯವನ ಮೇಲೆ ದಾಟಿಸುವ ಹಕ್ಕು ಕಂಪನಿಗೆ ಇರಲಿಲ್ಲ ಎಂದು ನ್ಯಾಯಾಲಯ ಹೇಳಿತು. ಮಳೆಗಾಲದ ರಾತ್ರಿ ಜೆಸಿಬಿ ತಂದು ರಸ್ತೆ ಕಡಿಯುವ ಪ್ರಸಂಗ ಗಡಿಭಾಗದ ಊರುಗಳಿಗೂ ಹೊಸದಲ್ಲ.

ಸರಕಾರದ ಮೇಲೆ ದಾವೆ ಹೂಡಬಹುದೇ ಎಂಬ ಸಂಶಯ ಹಲವರಿಗಿದೆ. ಸಂವಿಧಾನದ 300ನೆಯ ಅನುಚ್ಛೇದ ಇದಕ್ಕೆ ಅವಕಾಶ ಕೊಟ್ಟಿದೆ. ಸರಕಾರಿ ನೌಕರನ ಅಲಕ್ಷ್ಯಕ್ಕೆ ರಾಜ್ಯ ಹೊಣೆಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ರಾಜಸ್ಥಾನದ ವಿದ್ಯಾವತಿ ಪ್ರಕರಣದಲ್ಲಿಯೇ ತೀರ್ಪು ಕೊಟ್ಟಿದೆ.

ತಹಶೀಲ್ದಾರರ ಮುಂದೆ: ಆರು ತಿಂಗಳ ಗಡುವು

ಮಹಾರಾಷ್ಟ್ರದ ರೈತರಿಗೆ 1906ರ ಮಾಮಲೇದಾರರ ನ್ಯಾಯಾಲಯ ಕಾಯ್ದೆ ಒಂದು ಸರಳ ದಾರಿ. ಅದರ 5ನೆಯ ಕಲಮಿನಂತೆ, ಹೊಲದ ಮೇಲೆ ತಾನಾಗಿ ಬಿದ್ದ ನೀರು ಪಕ್ಕದ ಭೂಮಿಗೆ ಹರಿದು ಹೋಗುವುದಕ್ಕೆ ಯಾರಾದರೂ ಕಾನೂನಿನ ಅಧಿಕಾರವಿಲ್ಲದೆ ಅಡ್ಡಿ ಹಾಕಿದ್ದರೆ, ಮತ್ತು ಅದರಿಂದ ಬೆಳೆಗೆ ಅಥವಾ ಭೂಮಿಗೆ ಹಾನಿಯಾಗುತ್ತಿದ್ದರೆ, ಆ ಅಡ್ಡಿಯನ್ನು ತೆಗೆಸುವ ಅಧಿಕಾರ ತಹಶೀಲ್ದಾರರಿಗೆ ಇದೆ. ಕಾರಣ ಉಂಟಾದ ದಿನದಿಂದ ಆರು ತಿಂಗಳೊಳಗೆ ದಾವೆ ಹಾಕಲೇಬೇಕು. ಅಕ್ಟೋಬರ್ ಮಧ್ಯದಲ್ಲಿ ಅಡ್ಡಿ ಬಿದ್ದಿದ್ದರೆ ಏಪ್ರಿಲ್ ಮಧ್ಯಕ್ಕೆ ಗಡುವು ಮುಗಿಯುತ್ತದೆ. ಬೇಸಿಗೆಯಲ್ಲಿ ನೋಡೋಣ ಎಂದವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಈ ಆದೇಶದ ಮೇಲೆ ಅಪೀಲು ಇಲ್ಲ. ಆದರೆ ಜಿಲ್ಲಾಧಿಕಾರಿಗಳ ಕಡೆ ಪುನರೀಕ್ಷಣೆಗೆ ಹೋಗಬಹುದು, ಸಿವಿಲ್ ನ್ಯಾಯಾಲಯದ ದಾರಿಯೂ ತೆರೆದಿರುತ್ತದೆ.

ಇದರ ಮಿತಿಯನ್ನೂ ತಿಳಿದಿರಬೇಕು. ನೆರೆಹೊಲದವನು ಹಳ್ಳ ಮುಚ್ಚಿದರೆ ಅಥವಾ ರಸ್ತೆಯ ಮೋರಿಯ ಬಾಯಿಗೆ ಮಣ್ಣಿನ ಒಡ್ಡು ಹಾಕಿದರೆ ಈ ಕಾಯ್ದೆ ನೇರವಾಗಿ ಉಪಯೋಗವಾಗುತ್ತದೆ. ಸರಕಾರಿ ಮಂಜೂರಾತಿಯಿಂದ ಕಟ್ಟಿದ ರಸ್ತೆಯೇ ಅಡ್ಡಿಯಾಗಿದ್ದರೆ, ಅದು 'ಅಧಿಕಾರವಿಲ್ಲದೆ' ಹಾಕಿದ ಅಡ್ಡಿಯಲ್ಲ ಎಂಬ ಉತ್ತರ ಬರುತ್ತದೆ. ಆಗ ಸಿವಿಲ್ ನ್ಯಾಯಾಲಯವೇ ಗಟ್ಟಿ ದಾರಿ. ಇನ್ನೊಂದು ಮಾತು: ಈ ಕಾಯ್ದೆಯಲ್ಲಿ ಅಡ್ಡಿ ತೆಗೆಸಬಹುದೇ ಹೊರತು ಹಾನಿಯ ಹಣ ಸಿಗುವುದಿಲ್ಲ.

ಸಿವಿಲ್ ದಾವೆ ಮತ್ತು ನೋಟಿಸು

ಸರಕಾರದ ಮೇಲೆ ದಾವೆ ಹಾಕುವ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಡಬೇಕು. ಮಳೆಗಾಲ ಎದುರಿಗಿದ್ದು ತುರ್ತು ಇದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ಹೋಗಬಹುದು. ಪಂಚಾಯತಿ, ನಗರ ಪರಿಷತ್ತು, ಪಾಲಿಕೆಗಳಿಗೆ ಅವವುಗಳ ಕಾಯ್ದೆಯಲ್ಲಿ ಬೇರೆ ನೋಟಿಸು ಮತ್ತು ಗಡುವುಗಳಿವೆ. ಆದ್ದರಿಂದ ವಕೀಲರನ್ನು ಬೇಗ ಕಾಣುವುದು ಒಳ್ಳೆಯದು.

ಕಾಯ್ದೆಯೊಂದರ ಪ್ರಕಾರ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸದಿಂದಾದ ಹಾನಿಗೆ ಪರಿಹಾರ ಕೇಳಲು 1963ರ ಮುದ್ದತಿ ಕಾಯ್ದೆಯ 72ನೆಯ ಅನುಚ್ಛೇದ ಒಂದೇ ವರ್ಷದ ಅವಧಿ ಕೊಡುತ್ತದೆ. ಪ್ರತಿ ಮಳೆಗಾಲದಲ್ಲೂ ಮರುಕಳಿಸುವ ತೊಂದರೆಗೆ ಹೊಸ ಮುದ್ದತಿ ಸಿಗುತ್ತದೆ ಎಂಬ ವಾದಕ್ಕೆ 22ನೆಯ ಕಲಮಿನ ಆಧಾರವಿದೆ. ಆದರೂ ಅದನ್ನು ನಂಬಿ ಕೂಡುವುದಕ್ಕಿಂತ ವರ್ಷದೊಳಗೆ ಹೆಜ್ಜೆ ಇಡುವುದು ಕ್ಷೇಮ. ಈಸ್‌ಮೆಂಟ್ ಕಾಯ್ದೆಯ 15ನೆಯ ಕಲಮನ್ನೂ ಮರೆಯಬಾರದು. ಇಪ್ಪತ್ತು ವರ್ಷ ತಡೆಯಿಲ್ಲದೆ, ತಕರಾರಿಲ್ಲದೆ ಒಬ್ಬರ ಹೊಲಕ್ಕೆ ನೀರು ಬಿಡುತ್ತ ಬಂದರೆ ಅದೇ ಹಕ್ಕಾಗಿ ನಿಲ್ಲಬಹುದು. ಒಂದು ಲಿಖಿತ ತಕರಾರು ಆ ಕಾರಣಕ್ಕೂ ಬೆಲೆಯುಳ್ಳದ್ದು.

ರಸ್ತೆ ಕೆಲಸವನ್ನೇ ನಿಲ್ಲಿಸಿ ಎಂದು ಕೇಳಿದರೆ ಸಿಗುವುದು ಕಷ್ಟ. 2018ರ ತಿದ್ದುಪಡಿಯ ನಂತರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯು ರಸ್ತೆಯಂಥ ಮೂಲಸೌಕರ್ಯ ಕಾಮಗಾರಿ ತಡವಾಗುವ ಹಾಗೆ ತಡೆಯಾಜ್ಞೆ ಕೊಡುವುದನ್ನು ನಿರ್ಬಂಧಿಸಿದೆ. 'ಇಂಥ ಜಾಗದಲ್ಲಿ ಮೋರಿ ಇಡಿ, ಗಟಾರವನ್ನು ಇಂಥ ಹಳ್ಳದವರೆಗೆ ಒಯ್ಯಿರಿ' ಎಂದು ಖಚಿತವಾಗಿ ಕೇಳುವುದೇ ಜಾಣತನ. ಸ್ಥಳ ಪರಿಶೀಲನೆಗೆ ಕಮಿಷನರನ್ನು ನೇಮಿಸಲು ನ್ಯಾಯಾಲಯವನ್ನು ಕೇಳಬಹುದು. ನೀರು ಇಳಿದ ಮೇಲೆ ಬಂದ ಕಮಿಷನರಿಗೆ ಕಾಣುವುದು ಒಣ ಹೊಲ ಮಾತ್ರ ಎಂಬುದನ್ನು ನೆನಪಿಡಬೇಕು.

ಹೆದ್ದಾರಿಗೆ ಹೊಲದ ಒಂದು ಭಾಗ ಹೋಗಿ ಉಳಿದ ಭಾಗ ನೀರಿಗೆ ಸಿಕ್ಕಿದ್ದರೆ ಮತ್ತೊಂದು ದಾರಿ ಇದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಜಿ ಕಲಮಿನಲ್ಲಿ, ಸ್ವಾಧೀನದಿಂದ ಉಳಿದ ಆಸ್ತಿಗೆ ಆಗುವ ಹಾನಿಯನ್ನೂ ಪರಿಹಾರ ನಿಶ್ಚಯಿಸುವಾಗ ಲೆಕ್ಕಕ್ಕೆ ಹಿಡಿಯಬೇಕೆಂದು ಇದೆ. ನಿಶ್ಚಯಿಸಿದ ಮೊತ್ತ ಒಪ್ಪಿಗೆಯಾಗದಿದ್ದರೆ ಲವಾದದ ಮುಂದೆ, ಎಂದರೆ ಮಧ್ಯಸ್ಥರ ಮುಂದೆ ಹೋಗಬಹುದು. ಭೂಮಿ ಅಳೆಯಲು ಬಂದಾಗಲೇ ಹಳ್ಳದ ಜಾಗವನ್ನು ತೋರಿಸಿ ಲಿಖಿತ ಆಕ್ಷೇಪ ಕೊಟ್ಟವರಿಗೆ ಮುಂದೆ ಅನುಕೂಲ.

ಊರೊಳಗಿನ ಸಿಮೆಂಟ್ ರಸ್ತೆ

ಹಳ್ಳಿಗಳಲ್ಲಿ ಇದು ಬೇರೆ ರೂಪ ತಾಳುತ್ತದೆ. ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಕಾಂಕ್ರೀಟು ಹಾಕುತ್ತ ಹೋದರೆ ಪ್ರತಿಸಲ ಗೇಣುದ್ದ ಎತ್ತರವಾಗುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗೆ ಹೋಗುತ್ತದೆ. ಮಣ್ಣಿನ ಗೋಡೆಯ ಮಾಳಿಗೆ ಮನೆಗಳಲ್ಲಿ ಬುಡಕ್ಕೆ ನೀರು ಹೋದರೆ ಗೋಡೆಯೇ ಕುಸಿಯುವ ಭಯ. ಗ್ರಾಮಸಭೆಯಲ್ಲಿ ಕೆಲಸ ಮಂಜೂರಾಗುವಾಗಲೇ 'ಹಳೆಯದನ್ನು ಅಗೆದು, ಮಟ್ಟ ನೋಡಿ, ಗಟಾರ ಸಹಿತ ಮಾಡಬೇಕು' ಎಂದು ಠರಾವಿನಲ್ಲಿ ಬರೆಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಓಣಿಯ ಜನರಿಗೆಲ್ಲ ತೊಂದರೆಯಾಗಿದ್ದರೆ ಉಪವಿಭಾಗೀಯ ದಂಡಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿದೆ. 1980ರ ರತಲಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಟಾರ ಕಟ್ಟಿಸಲು ಹಣವಿಲ್ಲ ಎಂಬ ಕಾರಣ ಹೇಳಿ ನಗರಸಭೆ ತನ್ನ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು. ಆದರೆ ಈ ಕಲಮು ಸಾರ್ವಜನಿಕ ಉಪದ್ರವಕ್ಕೆ. ಒಂದೇ ಮನೆಯ ವ್ಯಾಜ್ಯಕ್ಕೆ ಅಲ್ಲ.

ಹೊಲದವರ ಹೊಣೆ

ತಪ್ಪು ಯಾವಾಗಲೂ ರಸ್ತೆಯವರದೇ ಇರುವುದಿಲ್ಲ. ಹೊಲಕ್ಕೆ ಗಾಡಿ ಇಳಿಸಲು ಪಕ್ಕದ ಗಟಾರದಲ್ಲಿ ಪೈಪು ಇಡದೆ ಮಣ್ಣು ತುಂಬುವುದು, ಹಳ್ಳವನ್ನು ವರ್ಷಕ್ಕೆ ಒಂದು ಸಾಲಿನಂತೆ ಉತ್ತು ಕಿರಿದು ಮಾಡುವುದು, ಮೋರಿಯ ಬಾಯಿಗೆ ಕಸ ಒಟ್ಟುವುದು, ಕಬ್ಬಿಗೆ ಹರಿಸಿದ ಹೆಚ್ಚಿನ ನೀರನ್ನು ರಸ್ತೆಗೆ ಬಿಡುವುದು, ಇವೆಲ್ಲ ಕಣ್ಣೆದುರೇ ನಡೆಯುತ್ತವೆ. ಹೀಗೆ ಮಾಡಿದವನೇ ದೂರುದಾರನಾದರೆ ಅವನ ಪ್ರಕರಣ ಮೊದಲ ಸ್ಥಳ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ. ನೆರೆಯವನ ಪೈಪಿಲ್ಲದ ದಾರಿಯಿಂದ ನೀರು ತಿರುಗಿ ಬಂದಿದ್ದರೆ ಹೊಣೆ ಆ ನೆರೆಯವನದು. ಅದನ್ನು ತೆಗೆಸದೆ ಬಿಟ್ಟ ಕಚೇರಿಯೂ ಉತ್ತರ ಹೇಳಬೇಕಾಗುತ್ತದೆ.

ಗಡಿ ದಾಟಿ ಬರುವ ನೀರು

ಅಕ್ಕಲಕೋಟ ತಾಲೂಕಿಗೆ ಆಳಂದ, ಅಫಜಲಪುರ, ಇಂಡಿ ತಾಲೂಕುಗಳು ಹೊಂದಿಕೊಂಡಿವೆ. ನೀರಿಗೆ ಗಡಿ ತಿಳಿಯದು. ಕರ್ನಾಟಕದ ರಸ್ತೆಯಿಂದ ಮಹಾರಾಷ್ಟ್ರದ ಹೊಲಕ್ಕೆ ನೀರು ಬಂದರೆ, ಸ್ಥಿರ ಆಸ್ತಿಗಾದ ಹಾನಿಯ ದಾವೆ ಆಸ್ತಿ ಇರುವ ಜಾಗದ ನ್ಯಾಯಾಲಯದಲ್ಲಿ ನಡೆಯುತ್ತದೆ. ನೋಟಿಸು ಮಾತ್ರ ಆ ರಾಜ್ಯ ಸರಕಾರಕ್ಕೆ ಹೋಗಬೇಕು. ತಹಶೀಲ್ದಾರರ ಅಧಿಕಾರ ಅವರ ತಾಲೂಕಿನ ಎಲ್ಲೆಗೆ ನಿಲ್ಲುತ್ತದೆ. ಆದ್ದರಿಂದ ಇಂಥ ತಕರಾರಿನಲ್ಲಿ ಎರಡೂ ಕಡೆಯ ಜಿಲ್ಲಾಧಿಕಾರಿಗಳಿಗೆ ಅರ್ಜಿಯ ಪ್ರತಿ ಕಳಿಸುವುದು ಸರಿ. ಇಲ್ಲಿನ ಸಾತ್‌ಬಾರಾ ಅಲ್ಲಿ ಪಹಣಿ, ಇಲ್ಲಿನ ಗಟ್ ನಂಬರು ಅಲ್ಲಿ ಸರ್ವೆ ನಂಬರು, ಇಲ್ಲಿನ ಓಢಾ ಅಲ್ಲಿ ಹಳ್ಳ. ಅರ್ಜಿಯಲ್ಲಿ ಎರಡೂ ಹೆಸರು ಬರೆದರೆ ಗೊಂದಲ ತಪ್ಪುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾರೇ ಆಗಲಿ ತಮ್ಮ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ಕನ್ನಡದ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಕೆಲಸ ಬೇಗ ಆಗಬೇಕೆಂದರೆ ಜೊತೆಗೆ ಮರಾಠಿ ಪ್ರತಿ ಇಡುವುದು ವ್ಯವಹಾರ ಜ್ಞಾನ.

ನೀರು ಬಂದ ದಿನವೇ ಮಾಡಬೇಕಾದ್ದು

1. ನೀರು ನಿಂತಿರುವಾಗಲೇ ಫೋಟೋ ತೆಗೆಯಬೇಕು. ರಸ್ತೆ, ಮೋರಿ, ಹೊಲ ಮೂರೂ ಒಂದೇ ಚಿತ್ರದಲ್ಲಿ ಬರಬೇಕು. ಹತ್ತಿರದ ಕಿಲೋಮೀಟರ್ ಕಲ್ಲಿನದೂ ಒಂದು ಇರಲಿ.

2. ನೀರಿನ ಆಳ, ಎಷ್ಟು ದಿನ ನಿಂತಿತು, ಯಾವ ಬೆಳೆ, ಎಷ್ಟು ಗುಂಟೆ ಎಂಬುದನ್ನು ದಿನಾಂಕ ಸಹಿತ ಬರೆದಿಡಬೇಕು.

3. ತಲಾಠಿ, ಕೃಷಿ ಸಹಾಯಕ, ಗ್ರಾಮಸೇವಕರು ಪಂಚನಾಮೆಗೆ ಬಂದಾಗ 'ಮೋರಿ ಇಲ್ಲದ್ದರಿಂದ' ಅಥವಾ 'ಮೋರಿ ತುಂಬಿದ್ದರಿಂದ ನೀರು ನಿಂತಿದೆ' ಎಂಬ ಮಾತನ್ನು ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಮಾಡಬೇಕು.

4. ಮಹಸೂಲು ಮಂಡಳದ ಆ ದಿನದ ಮಳೆಯ ಅಂಕಿ ಪಡೆಯಬೇಕು. ಮಹಾರಾಷ್ಟ್ರದಲ್ಲಿ 24 ತಾಸಿನಲ್ಲಿ 65 ಮಿಲಿಮೀಟರ್ ದಾಟಿದರೆ ಅತಿವೃಷ್ಟಿ. ಅದಕ್ಕಿಂತ ಕಡಿಮೆ ಮಳೆಗೂ ಹೊಲ ಮುಳುಗಿದ್ದರೆ ತಪ್ಪು ಮಳೆಯದಲ್ಲ ಎಂಬುದಕ್ಕೆ ಅದು ದೊಡ್ಡ ಪುರಾವೆ.

5. ರಸ್ತೆಯ ಒಡೆಯ ಕಚೇರಿಗೆ ಲಿಖಿತ ತಕರಾರು ಕೊಟ್ಟು ಪೋಚ್ ಪಡೆಯಬೇಕು. ಬಾಯಿಮಾತಿಗೆ ದಿನಾಂಕ ಇರುವುದಿಲ್ಲ.

6. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ರಸ್ತೆಯ ಅಂದಾಜುಪತ್ರಿಕೆ, ನಕಾಶೆ, ಮೋರಿಗಳ ಪಟ್ಟಿ ಕೇಳಬೇಕು. 30 ದಿನಗಳಲ್ಲಿ ಉತ್ತರ ಬರಬೇಕು. ನಕಾಶೆಯಲ್ಲಿ ಇರುವ ಮೋರಿ ಜಾಗದಲ್ಲಿ ಇಲ್ಲದಿದ್ದರೆ ಹೊಣೆ ಯಾರದೆಂಬುದು ಅಲ್ಲಿಗೇ ಸ್ಪಷ್ಟ.

7. ಉತ್ತರ ಸಿಗದಿದ್ದರೆ ಪ್ರತಿ ತಿಂಗಳ ಮೊದಲ ಸೋಮವಾರ ಜಿಲ್ಲಾಧಿಕಾರಿ ಕಚೇರಿಯಲ್ಲಿ ನಡೆಯುವ ಲೋಕಶಾಹಿ ದಿನಕ್ಕೆ ವಿಷಯವನ್ನು ಒಯ್ಯಬಹುದು.

ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಮತ್ತು ನೆರೆ ಸಂತ್ರಸ್ತರಿಗೆ ಉಚಿತ ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು.

ಒಟ್ಟಿನಲ್ಲಿ, ಮಳೆ ದೇವರದು. ಮೋರಿ ಇಡುವುದು, ಅದರ ಹೂಳು ತೆಗೆಯುವುದು, ಹಳ್ಳ ಮುಚ್ಚದೇ ಇರುವುದು ಮನುಷ್ಯರ ಕೆಲಸ. ಮೇ ತಿಂಗಳಲ್ಲಿ ನಾಲ್ಕು ಜನ ಕೂಡಿ ಊರಿನ ಮೋರಿಗಳನ್ನು ಒಂದು ಸುತ್ತು ನೋಡಿ, ಕಟ್ಟಿದವನ್ನು ಪಟ್ಟಿ ಮಾಡಿ ಕಚೇರಿಗೆ ಕೊಟ್ಟು ಪೋಚ್ ಪಡೆದಿಟ್ಟರೆ, ಸೆಪ್ಟೆಂಬರ್‌ನಲ್ಲಿ 'ನಮಗೆ ಗೊತ್ತಿರಲಿಲ್ಲ' ಎಂದು ಯಾರೂ ಹೇಳುವಂತಿರುವುದಿಲ್ಲ.